ಮುಟ್ಟಿದ ಗುಳಿ

ನಿನ್ನೆ ಚೆನ್ನೆಮಣೆ ಒರೆಸುವಾಗ ಅದರ ಬಿರುಕಿನಿಂದ ಒಂದಿಷ್ಟು ಹಿಟ್ಟು ಉದುರಿತು. ಅಕ್ಕಿಯದೋ ರಾಗಿಯದೋ... ಇಷ್ಟು ವರ್ಷದ ಮೇಲೆ ಹೇಗೆ ಹೇಳುವುದು? ಯಾರ ಮಿಲ್ಲಿನದು ಎಂದು ಮಾತ್ರ ಯಾರನ್ನೂ ಕೇಳಬೇಕಾಗಿರಲಿಲ್ಲ.

ನಾನು ಮದುವೆಯಾಗಿ ಮೂಡಿಗೆರೆಗೆ ಬಂದಾಗ ನಮ್ಮ ಬೀದಿಯ ಕೊನೆಯಲ್ಲಿ ಹಿಟ್ಟಿನ ಮಿಲ್ಲಿತ್ತು. ಅದನ್ನು ನಡೆಸುತ್ತಿದ್ದವರು ಎಲ್ಲರಿಗೂ ಮಿಲ್ಲಿನಮ್ಮ. ಆಷಾಢದಲ್ಲಿ ಕರೆಂಟು ಹೋದರೆ ಅರ್ಧ ದಿನ ಬರುತ್ತಿರಲಿಲ್ಲ. ಡಬ್ಬ ಹಿಡಿದು ಕಾಯುವ ಹೆಂಗಸರ ನಡುವೆ ಅವರು ಚೆನ್ನೆಮಣೆ ತಂದಿಡುತ್ತಿದ್ದರು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕೆಂಪು ಮಂಜೊಟ್ಟಿ ಬೀಜ. ಒಂದು ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಎದುರಿನವರ ಬೀಜ ಗೆಲ್ಲಬೇಕು. ಆಷಾಢದ ಕೊನೆಯ ಆಟ ಗೆದ್ದವರ ಮನೆಯಲ್ಲಿ ವರ್ಷವಿಡೀ ಮಣೆ ಇರಬೇಕೆಂಬುದು ನಮ್ಮ ಬೀದಿಯ ಕಟ್ಟಳೆ. ಅದು ಮಿಲ್ಲು ಬಿಟ್ಟು ಕದಲಿದ್ದನ್ನು ಯಾರೂ ಕಂಡಿರಲಿಲ್ಲ.

ನನಗೆ ಆಟ ಕಲಿಸಿದವರೂ ಅವರೇ. ಕಲಿಸುವುದೆಂದರೆ ಬೈಯುವುದು. "ಬೆರಳ್ ಹಾಕಿ ಎಣಿಸ್ಬ್ಯಾಡ ಮಾರಾಯ್ತಿ! ಕಣ್ಣಲ್ಲೇ ಎಣ್ಸು. ಮುಟ್ಟಿದ್ ಗುಳಿ ಆಡ್ಲೇಬೇಕು." ನನಗೊಂದು ಹೆಸರಿದೆ ಎಂಬುದೇ ಅವರಿಗೆ ಬೇಕಿರಲಿಲ್ಲ, ಸಂಸೆಯಿಂದ ಬಂದವಳೆಂದು "ಸಂಸೆ ಹುಡುಗಿ" ಅಷ್ಟೇ. ಮೊದಲ ಆಷಾಢ ತವರಲ್ಲಿ ಕಳೆದೆ, ಮುಂದಿನ ಮೂರರಲ್ಲಿ ಸೋತೆ. ಒಮ್ಮೆಯಾದರೂ ಆ ಮಣೆ ಎತ್ತಿಕೊಂಡು ಬೀದಿಯಲ್ಲಿ ನಡೆಯಬೇಕೆಂಬ ಹಟ ಹಿಡಿಯಿತು.

ಮರುವರ್ಷದ ಕೊನೆಯ ಆಟ. ನಡುವೆ ಕರೆಂಟು ಬಂತು, ಯಾರೂ ಏಳಲಿಲ್ಲ. ಮಿಲ್ಲಿನಮ್ಮ ಮಣೆಯ ಮೇಲೆ ಬಗ್ಗಿದರು, ಕಣ್ಣು ಕಿರಿದು ಮಾಡಿದರು... ಅವರ ತೋರುಬೆರಳು ಮೂರನೆಯ ಗುಳಿಗಿಳಿದು ಬೀಜ ಎಣಿಸಿತು. ಆ ಗುಳಿ ಆಡಿದರೆ ಅವರು ಸೋತಂತೆಯೇ. ಪಕ್ಕದಲ್ಲಿದ್ದ ನನ್ನ ಅತ್ತೆ, ಸುಮ್ಮನಿರೆಂದು ತೊಡೆ ಚಿವುಟಿದರು.

"ಅಮ್ಮ, ಮುಟ್ಟಿದ್ ಗುಳಿ ಆಡ್ಬೇಕು," ಅಂದೆ.

ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಆಡ್ದೆ ಬಿಡ್ತೀನಾ?" ಎಂದು ಅದನ್ನೇ ಆಡಿದರು. ನಾನು ಗೆದ್ದೆ! ಮಣೆ ಎತ್ತಿ ನನ್ನ ಕೈಗಿಟ್ಟು, ನನಗಿಂತ ಮುಂದೆ ತಾವೇ ಬೀದಿಗಿಳಿದರು. "ನೋಡ್ರೇ, ನಾನ್ ಕಲ್ಸಿದ್ ಹುಡುಗಿ, ನನ್ನೇ ಬಿಡ್ಲಿಲ್ಲ!" ಆಮೇಲೆ ಮೊದಲ ಸಲ ಹೆಸರು ಹಿಡಿದು ಕರೆದು, "ಬರೋ ಆಷಾಢಕ್ಕೆ ಬಂದು ಕಿತ್ಕೊಂಡ್ ಹೋಗ್ತೀನಿ," ಅಂದರು. ಅಂದು ನನ್ನ ಕಾಲು ನೆಲದ ಮೇಲಿರಲಿಲ್ಲ.

ಅವರ ಕಣ್ಣಿಗೆ ಪೊರೆ ಬಂದಿದ್ದು ನಮಗೆ ಗೊತ್ತಾದದ್ದು ಆಮೇಲೆ. ಸೋಲಿಗೆ ಅದನ್ನು ನೆಪ ಮಾಡಿ ಅವರು ಒಂದು ಮಾತೂ ಆಡಲಿಲ್ಲ. ಮುಂದಿನ ಆಷಾಢಕ್ಕೆ ಮೊದಲೇ ತೀರಿಕೊಂಡರು.

ಈಗಲೂ ಆಷಾಢದಲ್ಲಿ ಬೀದಿಯ ಹುಡುಗಿಯರನ್ನು ಕೂರಿಸಿಕೊಂಡು ಆಡುತ್ತೇನೆ. ಬೆರಳು ಹಾಕಿದವರನ್ನು ಬಿಡುವುದಿಲ್ಲ. ಮಣೆಯನ್ನು ಇನ್ನೂ ಯಾರೂ ಗೆದ್ದಿಲ್ಲ. ಹೆಮ್ಮೆ ಇದೆ, ಸುಳ್ಳೇಕೆ ಹೇಳಲಿ? ಆದರೆ ಕಿತ್ತುಕೊಂಡು ಹೋಗುತ್ತೇನೆ ಎಂದವರು ಬರಲೇ ಇಲ್ಲ...