ಎರಡನೆಯ ರೋಟಿ

ನಮ್ಮ ಉದ್ಯೋಗಿಗಳ ಉಳಿತಾಯ ಸಹಕಾರ ಸಂಘದ ಆಡಳಿತ ಮಂಡಳಿಗೆ ನನ್ನನ್ನು ಆರಿಸಿದ್ದು ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆ ಎಂಬ ಒಂದೇ ಕಾರಣಕ್ಕೆ. ಹೊಗಳಿಕೆ ಎಂದುಕೊಂಡು ಹಿಗ್ಗಿದ್ದೆ. ಈಗ ಅದೇ ಉರುಳಾಗಿದೆ.

ವರ್ಷಕ್ಕೊಮ್ಮೆ ಸರ್ಕಾರದ ಪರಿಶೀಲಕರು ಬಂದು, ಸಂಘ ಎಷ್ಟು ಗಟ್ಟಿಯಾಗಿದೆ ಎಂದು ನೋಡಿ ಒಂದು ದರ್ಜೆ ಕೊಡುತ್ತಾರೆ. ಅದು ಮಂಡಳಿಯವರಿಗೆ ಮಾತ್ರ ಗೊತ್ತಿರಬೇಕು. ಸದಸ್ಯರು ಕೇಳಿದರೂ ಹೇಳುವಂತಿಲ್ಲ. ಹೇಳಿದರೆ ಜನ ಗಾಬರಿಬಿದ್ದು ಹಣ ತೆಗೆಯಲು ನುಗ್ಗುತ್ತಾರೆ, ಚೇತರಿಸಿಕೊಳ್ಳಬಹುದಾದ ಸಂಘವೂ ಮುಳುಗುತ್ತದೆ. ಈ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವುದು ಕಾರಿನಲ್ಲಿ ಕೂತಾಗ.

ಮಲಯ್ ನಾಡಿನಲ್ಲಿ ನಾವಿರುವ ಸುಬಾಂಗ್ ಜಯಾದಿಂದ ಸೈಬರ್‌ಜಯಾದ ಆಫೀಸಿಗೆ ನಾನು ಹೋಗುವುದು ಅದೇ ಆಫೀಸಿನಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಗೆಳತಿಯ ಕಾರಿನಲ್ಲಿ. ಕುಂದಾಪುರದ ಕಡೆಯವಳು, ಒಂಟಿಯಾಗಿ ಮಗಳನ್ನು ಬೆಳೆಸಿದವಳು. ಮಗಳ ಕಾಲೇಜು ಫೀಸಿಗೆಂದು ಕೂಡಿಟ್ಟದ್ದನ್ನು ಸಂಘದಲ್ಲಿ ಇಡಬೇಕೋ ಬೇಡವೋ ಎಂದು ಈ ಸಲದ ದರ್ಜೆಗೆ ಕಾಯುತ್ತಿದ್ದಳು.

“ಎಂತ ಬಂತಕ್ಕ ರೇಟಿಂಗ್?”

“ಹೇಳೋ ಹಾಗಿಲ್ಲಮ್ಮ. ವರ್ಷದ ಅಕೌಂಟ್ಸ್ ಕೊಟ್ಟಿದ್ದಾರಲ್ಲ, ಓದು. ಮೀಟಿಂಗಲ್ಲಿ ಕೇಳು.”

“ಅದು ಮಲಯ್ ಭಾಷೆಯಲ್ಲುಂಟು. ನೀವಿರುವಾಗ ನಂಗೆಂತಕ್ಕೆ ಲಾ ಅದೆಲ್ಲ?” ಇಲ್ಲಿನವರು ಮಾತಿಗೆ ಸೇರಿಸುವ ‘ಲಾ’ ಅವಳಿಗೂ ಅಂಟಿತ್ತು.

ಇಲ್ಲಿ ಯಾರ ಹೆಸರೂ ಇಲ್ಲದ್ದರಿಂದ ಬರೆಯುತ್ತಿದ್ದೇನೆ: ದರ್ಜೆ ಕೆಟ್ಟದಾಗಿ ಬಂದಿತ್ತು. ‘ಸ್ವಲ್ಪ ತಡೆ’ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಷ್ಟು ಹೇಳಿದರೂ ಎಲ್ಲ ಹೇಳಿದಂತೆಯೇ. ಕೈಚಾಚಿ ರೇಡಿಯೋ ಹಾಕಿದೆ.

ಪರಿಶೀಲನೆ ಮುಗಿದ ಮೇಲೆ ಮಂಡಳಿಯವರು ಆಫೀಸಿನ ಎದುರಿನ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಸದಸ್ಯರೆಲ್ಲರಿಗೂ ಪರೋಟದಂಥ ರೋಟಿ ಚನಾಯ್ ಕೊಡಿಸುವುದು ನಮ್ಮಲ್ಲಿ ಪದ್ಧತಿ. ಈ ವರ್ಷ ಬೇಡ ಎಂದು ಬೇಡಿಕೊಂಡೆ. ನಿಲ್ಲಿಸಿದರೆ ಅದೇ ಉತ್ತರವಾಗುತ್ತದೆ ಎಂದರು ಅಧ್ಯಕ್ಷರು. ಅವರು ಹೇಳಿದ್ದು ಸರಿಯೇ, ಅದಕ್ಕೇ ಇನ್ನಷ್ಟು ಮೈ ಉರಿಯಿತು.

ಮೊದಲನೆಯ ರೋಟಿಯೇ ಸಾಕೆನಿಸಿತ್ತು. ಎದುರು ಕೂತಿದ್ದ ಗೆಳತಿಯ ಕಣ್ಣು ನನ್ನ ತಟ್ಟೆಯ ಮೇಲೇ ಇತ್ತು. ಪ್ರತಿ ವರ್ಷ ನಾನು ಎರಡು ತಿನ್ನುವವಳು, ಅದು ಅವಳಿಗೆ ಗೊತ್ತು. ಬಿಟ್ಟರೆ ಗುಟ್ಟು ರಟ್ಟಾಗುತ್ತದೆ ಎಂದು ಇನ್ನೊಂದು ತರಿಸಿ, ದಾಲ್ ಸುರಿದುಕೊಂಡು, ನಗುನಗುತ್ತಾ ತಿಂದೆ.

ಸೋಮವಾರ ಬೆಳಿಗ್ಗೆ ಹೆದ್ದಾರಿಯಲ್ಲಿ ಕಾರುಗಳು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅವಳು ಸ್ಟಿಯರಿಂಗ್ ಬಿಟ್ಟು, ಹಿಂದಿನ ಸೀಟಿನಿಂದ ಹೋಟೆಲಿನಲ್ಲಿ ಕಟ್ಟಿಸಿದ ಬಿಸಿ ಪೊಟ್ಟಣವೊಂದನ್ನು ತೆಗೆದು ನನ್ನ ಮಡಿಲಿಗಿಟ್ಟಳು.

“ನಿಮಗೇ ಅಂತ ತಪಾವ್ ಮಾಡಿಸ್ಕೊಂಡು ಬಂದೆ ಅಕ್ಕ. ನೀವು ಬಾಯಿ ಬಿಡ್ಲಿಲ್ಲ, ಆದ್ರೆ ಎರಡನೇ ರೋಟಿ ತಿನ್ನುವಾಗ್ಲೇ ನಂಗೆ ಗೊತ್ತಾಯ್ತು. ಮಗಳ ಫೀಸಿನ ದುಡ್ಡೆಲ್ಲ ಶುಕ್ರವಾರ ಸಂಘದಲ್ಲಿ ಇಟ್ಟೆ. ವರ್ಷದ ಡೆಪಾಸಿಟ್, ನಡುವೆ ತೆಗೀಲಿಕ್ಕಿಲ್ಲ.”

ಇಳಿದು ಓಡೋಣವೆಂದರೆ ಸುತ್ತಲೂ ಕಾರುಗಳೇ.

“ತಿನ್ನಿ ಅಕ್ಕ, ತಣ್ಣಗಾಗ್ತದೆ.”

ಪೊಟ್ಟಣ ಬಿಚ್ಚಿದೆ. ಒಳಗೆ ಎರಡು ರೋಟಿ ಇದ್ದವು. ಅವಳು ನನ್ನನ್ನೇ ನೋಡುತ್ತಿದ್ದಳು. ಎರಡನ್ನೂ ತಿಂದೆ.