ಎಡಕ್ಕೆ ಸಮುದ್ರ ಬರುವ ರಸ್ತೆ

ಚಿಕ್ಕಮಾದನಿಗೆ ಐವತ್ತೊಂದು ವರ್ಷ. ಅದರಲ್ಲಿ ಇಪ್ಪತ್ತಾರನ್ನು ಸ್ಟೇರಿಂಗ್ ಹಿಂದೆಯೇ ಕಳೆದಿದ್ದಾನೆ. ಬಿಳಿಗಿರಿರಂಗನ ಬೆಟ್ಟದ ಪೋಡಿನಲ್ಲಿ, ಅಂದರೆ ಕಾಡಿನ ಹಾಡಿಯಲ್ಲಿ, ಹುಟ್ಟಿದ ಸೋಲಿಗ. ಯಳಂದೂರಿನಿಂದ ಬೆಟ್ಟಕ್ಕೆ, ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ಮಾದಪ್ಪನ ಬೆಟ್ಟಕ್ಕೆ, ಅಲ್ಲಿಂದ ಗೋಪಿನಾಥಂಗೆ ಬಾಡಿಗೆ ಜೀಪು ಓಡಿಸುವವನು. ದಾರಿಯಲ್ಲಿ ತಿರುವು ಎಷ್ಟು ಎಂದು ಕೇಳಿದರೆ ಲೆಕ್ಕ ಹೇಳುವುದಿಲ್ಲ, ಕೈಗೆ ಗೊತ್ತು ಅನ್ನುತ್ತಾನೆ. ಇಂಥವನಿಗೆ ಒಂದು ಹುಚ್ಚು. ಸಮುದ್ರ ನೋಡಿಲ್ಲ. ನೋಡದವರು ಈ ಸೀಮೆಯಲ್ಲಿ ಸಾವಿರಾರು ಜನ ಇದ್ದಾರೆ, ಉಂಡುಕೊಂಡು ಹಾಯಾಗಿದ್ದಾರೆ. ಇವನಿಗೆ ಮಾತ್ರ ಅದರ ಚಿಂತೆ. ಅದೂ ಬರೀ ನೋಡಿದರೆ ಸಾಲದಂತೆ, ಸಮುದ್ರದ ಪಕ್ಕದಲ್ಲಿ ಗಾಡಿ ಓಡಿಸಬೇಕಂತೆ!

ಜೀಪು ಹತ್ತಿದವರನ್ನೆಲ್ಲ ಕೇಳಿ ಕೇಳಿ ತಲೆ ತಿನ್ನುತ್ತಿದ್ದ. ಉಪ್ಪು ಗಾಳಿಗೆ ಬ್ರೇಕು ತುಕ್ಕು ಹಿಡಿಯುವುದಿಲ್ಲವೆ? ದಿನಕ್ಕೆರಡು ಸಲ ನೀರು ಹಿಂದೆ ಸರಿಯುತ್ತದಂತೆ, ಹಾಗಾದರೆ ಆ ನೀರೆಲ್ಲ ಎಲ್ಲಿಗೆ ಹೋಗಿ ನಿಲ್ಲುತ್ತದೆ? ಹುಲಿ ನೋಡಲು ಬಂದ ಜನ ಇದಕ್ಕೆ ಏನು ಹೇಳಿಯಾರು? ನಕ್ಕು ಸುಮ್ಮನಾಗುತ್ತಿದ್ದರು. ಗೋಪಿನಾಥಂನಲ್ಲಿ ಕಾವೇರಿಗೆ ಬಲೆ ಬಿಡುವ ಪುಟ್ಟಸಿದ್ದಯ್ಯನನ್ನೂ ಇವನು ಬಿಡಲಿಲ್ಲ. ಆತ ಹೊಳೆಯನ್ನೇ ತೋರಿಸಿ, ಇದಕ್ಕೆ ಆಚೆ ದಡ ಇಲ್ಲ ಅಂದುಕೊ, ಅಷ್ಟೇ ಸಮುದ್ರ ಎಂದು ಬೀಡಿ ಹಚ್ಚಿದ. ಆಚೆ ದಡ ಇಲ್ಲದ ನೀರನ್ನು ಯೋಚಿಸುತ್ತ ಚಿಕ್ಕಮಾದ ಪಾಲಾರ್‌ವರೆಗೂ ಎರಡನೇ ಗೇರಿನಲ್ಲೇ ಬಂದ.

ಯಳಂದೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಮಲ್ಲಿಕಾರ್ಜುನಸ್ವಾಮಿ ಅವನ ಜೀಪಿನ ಹಳೆಯ ಗಿರಾಕಿ, ಈಗ ಗಿರಾಕಿಗಿಂತ ಹೆಚ್ಚಾಗಿ ಗೆಳೆಯರು. ಅವರ ಮಗಳು ನಾಗಶ್ರೀಗೆ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಬ್ಯಾಂಕಿನ ವರ್ಗವಾಯಿತು. ಬಂದು ಹೋಗಪ್ಪ ಎಂದು ಅಪ್ಪನನ್ನು ಕರೆದಳು. ಅಲ್ಲಿ ಅವಳದೇ ಕಾರಿದೆ. ಬಡಗಣ ತುದಿಯ ಡಿಗ್ಲಿಪುರದವರೆಗೆ ದ್ವೀಪದ ಉದ್ದಕ್ಕೂ ಕಾಡು, ಕಡಲು ನೋಡಿಕೊಂಡು ಹೋಗುವ ರಸ್ತೆಯಿದೆ. ಐದು ದಿನದಲ್ಲಿ ಹೋಗಿ ಬರಬಹುದು. ಆದರೆ ಸ್ವಾಮಿಯವರು ಕಣ್ಣಿನ ಆಪರೇಷನ್ ಆದಮೇಲೆ ಗಾಡಿ ಮುಟ್ಟುವಂತಿಲ್ಲ, ಮಗಳಿಗೆ ಅಷ್ಟು ದಿನ ರಜೆಯಿಲ್ಲ. ಒಂದು ಭಾನುವಾರ ಬೆಟ್ಟಕ್ಕೆ ಬಂದು ಕೇಳಿಯೇಬಿಟ್ಟರು.

"ಮಾದಾ, ವಿಮಾನದಲ್ಲಿ ಕೂರ್ತೀಯೇನಯ್ಯಾ? ಅಲ್ಲಿ ಗಾಡಿ ನೀನೇ ಓಡುಸ್ಬೇಕು."

ಚಿಕ್ಕಮಾದ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ನಿಂತುಬಿಟ್ಟ. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂದಿತ್ತು.

ಅಲ್ಲಿಂದ ಶುರುವಾಯಿತು ನೋಡಿ ಇವರಿಬ್ಬರ ತಯಾರಿ. ಸ್ವಾಮಿಯವರು ಕೊಳ್ಳೇಗಾಲದಿಂದ ದೊಡ್ಡ ನಕ್ಷೆ ತಂದರು. ಪ್ರತಿ ಭಾನುವಾರ ಅದನ್ನು ಜೀಪಿನ ಬಾನೆಟ್ ಮೇಲೆ ಹರಡಿ, ಹಾರದಂತೆ ನಾಲ್ಕು ಮೂಲೆಗೂ ಕಲ್ಲಿಟ್ಟು, ಇಬ್ಬರೂ ಬಗ್ಗಿ ನಿಲ್ಲುತ್ತಿದ್ದರು. ಮೊದಲ ರಾತ್ರಿ ರಂಗತ್, ಆಮೇಲೆ ಮಾಯಾಬಂದರ್, ಎರಡು ದಿನ ಡಿಗ್ಲಿಪುರ, ವಾಪಸ್ಸು. ಚಿಕ್ಕಮಾದ ಬೆರಳಿಟ್ಟು ನೋಡಿ ಒಂದು ಸಂಗತಿ ಕಂಡುಹಿಡಿದ. ಬಡಗಲಿಗೆ ಹೋಗುವಾಗ ಸಮುದ್ರ ಬಲಕ್ಕೆ ಬೀಳುತ್ತದೆ, ಎದುರಿನಿಂದ ಬರುವ ಗಾಡಿಗಳ ಆಚೆ. ಬರುವಾಗ ಎಡಕ್ಕೆ, ತನ್ನ ಚಕ್ರದ ಪಕ್ಕದಲ್ಲೇ. ಹಾಗಾಗಿ ಹೋಗುವಾಗ ಬೇಗ ಹೋಗಿ, ಬರುವಾಗ ನಿಧಾನಕ್ಕೆ ಬರುವುದೆಂದು ತೀರ್ಮಾನವಾಯಿತು. ಸ್ವಾಮಿಯವರು ಅರವತ್ತೆರಡರ ವಯಸ್ಸಿನಲ್ಲಿ ಸ್ಕೂಲು ಹುಡುಗರ ಹಾಗೆ ಕುಣಿಯುತ್ತಿದ್ದರೆಂದರೆ ಸುಳ್ಳಲ್ಲ.

ಫೋನಿನಲ್ಲಿ ನಾಗಶ್ರೀಯ ಪಾಡು ಯಾರಿಗೂ ಬೇಡ. ಅಲ್ಲಿನ ಕಾಡಿನಲ್ಲಿ ಹುಲಿ ಚಿರತೆ ಇಲ್ಲ, ಆದರೆ ಜಿಂಕೆ ಇವೆ ಎಂದು ಅವಳು ಹೇಳಿದ್ದೇ ತಪ್ಪಾಯಿತು. ಹಾಗಾದರೆ ಆ ಜಿಂಕೆ ಯಾರಿಗೆ ಹೆದರುತ್ತವೆ, ಕತ್ತು ಎತ್ತಿ ನೋಡುವ ಅಭ್ಯಾಸವಾದರೂ ಇದೆಯೋ ಇಲ್ಲವೋ ಎಂದು ಇವನು ಒಂದು ವಾರ ಕಾಡಿದ. ಸಂಜೆ ಆರಕ್ಕೆ ತಂಗುವ ಜಾಗ ಸೇರುವ ಹಾಗೆ ಇವನು ಲೆಕ್ಕ ಹಾಕಿದ್ದ. ಅಲ್ಲಿ ಚಳಿಗಾಲದಲ್ಲಿ ಐದಕ್ಕೆಲ್ಲ ಹೊತ್ತು ಮುಳುಗುತ್ತದೆ ಎಂದು ಅವಳು ಹೇಳಿದಾಗ ಐದು ದಿನದ ಪಟ್ಟಿಯನ್ನೇ ಹರಿದು ಹೊಸದಾಗಿ ಬರೆಸಿದ. ಅದೇ ದೇಶ, ಅದೇ ಗಡಿಯಾರ, ಹೊತ್ತು ಮಾತ್ರ ಬೇರೆ! ಈ ಸೋಜಿಗ ಅವನಿಗೆ ಬಹಳ ದಿನ ಅರಗಲಿಲ್ಲ.

ಕಾಡಿನ ರಸ್ತೆಯ ಡ್ರೈವರು ಮೊದಲು ಕೇಳುವುದು ಒಂದೇ ಪ್ರಶ್ನೆ, ಗೇಟು ಎಷ್ಟು ಗಂಟೆಗೆ ತೆಗೆಯುತ್ತಾರೆ, ಎಷ್ಟಕ್ಕೆ ಹಾಕುತ್ತಾರೆ. ದ್ವೀಪದಲ್ಲಿ ಯಾವ ಗೇಟಯ್ಯಾ ಎಂದು ಸ್ವಾಮಿಯವರು ಎರಡು ಸಲ ನಕ್ಕಿದ್ದರು. ಮೂರನೇ ಭಾನುವಾರ ಚಿಕ್ಕಮಾದ ಬಿಡದೆ ನಾಗಶ್ರೀಯನ್ನೇ ಕೇಳಿದ. ಇದೆ ಮಾದಣ್ಣ, ಹೇಳೋದೇ ಮರೆತೆ ಎಂದಳು ಅವಳು. ಮೊದಲ ದಿನದ ದಾರಿಯಲ್ಲೇ ಗೇಟಿದೆ. ಗೊತ್ತಾದ ಹೊತ್ತಿಗೆ ಮಾತ್ರ ತೆಗೆಯುತ್ತಾರೆ. ಗಾಡಿಗಳು ಸಾಲಾಗಿ ಪೊಲೀಸರ ಜೊತೆ ಹೋಗಬೇಕು. ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ, ಫೋಟೊ ತೆಗೆಯುವಂತಿಲ್ಲ.

"ಆನೆ ಕಾಟವಾ ತಾಯಿ?"

"ಅಲ್ಲ ಮಾದಣ್ಣ. ಅಲ್ಲಿ ಜನ ಇದ್ದಾರೆ. ಜಾರವಾ ಅಂತ, ಕಾಡಿನ ಜನ. ಗೇಟು ಅವರನ್ನ ಕಾಪಾಡೋಕೆ."

ಪಕ್ಕದಲ್ಲೇ ಕೇಳುತ್ತಿದ್ದ ಸ್ವಾಮಿಯವರ ಮುಖ ಅರಳಿತು. ಪ್ರವಾಸಕ್ಕೆ ಇನ್ನೊಂದು ರುಚಿ ಸೇರಿದ ಹಾಗಾಯಿತು ಅವರಿಗೆ. "ಅದೃಷ್ಟ ಇದ್ರೆ ಕಾಣುಸ್ತಾರೆ ಕಣಯ್ಯಾ," ಎಂದರು. ಚಿಕ್ಕಮಾದ ನಕ್ಷೆ ಮಡಿಸತೊಡಗಿದ. ಅದೃಷ್ಟ ಇದ್ರೆ ಕಾಣುಸ್ತದಾ ಎಂದು ಇಪ್ಪತ್ತಾರು ವರ್ಷದಿಂದ ಅವನ ಜೀಪು ಹತ್ತಿದವರು ಕೇಳುತ್ತಿದ್ದದ್ದು ಹುಲಿಯ ವಿಷಯ.

ಹಾಗೆಂದು ಆ ಜನರನ್ನು ಕಾಣುವ ಆಸೆ ಅವನಿಗೆ ಇರಲಿಲ್ಲ ಅನ್ನಬೇಡಿ. ಇತ್ತು, ಸ್ವಾಮಿಯವರಿಗಿಂತ ಹೆಚ್ಚಾಗಿಯೇ ಇತ್ತು. ಹೊಗೆ ಹಾಕಿ ಹೆಜ್ಜೇನು ಇಳಿಸುವ ಮನೆತನ ಇವನದು. ಆ ಜನ ಯಾವುದೋ ಗಿಡದ ರಸ ಹಚ್ಚಿಕೊಂಡು ಜೇನಿಗೆ ಕೈ ಹಾಕುತ್ತಾರಂತೆ ಎಂದು ನಾಗಶ್ರೀ ಹೇಳಿದಾಗಿನಿಂದ ಇವನ ತಲೆಯಲ್ಲಿ ಅದೇ. ಯಾವ ಗಿಡ? ಎಲೆಯೋ ತೊಗಟೆಯೋ? ಅವರ ಪಕ್ಕ ಕೂತು ಕೇಳಬೇಕು ಅನ್ನಿಸುತ್ತಿತ್ತು. ಕೂರುವುದಿರಲಿ, ಗಾಡಿ ನಿಲ್ಲಿಸುವಂತೆಯೇ ಇಲ್ಲ. ನೋಡಿಕೊಂಡು ಹೋಗಬಹುದು, ಅಷ್ಟೆ.

ನಾಲ್ಕು ದಿನ ಇದನ್ನೇ ಮನಸ್ಸಿನಲ್ಲಿ ಉರುಳಿಸಿ, ಐದನೇ ದಿನ ಬೆಳಿಗ್ಗೆ ಯಳಂದೂರಿಗೆ ಇಳಿದು ಅಂಗಡಿಗೆ ಹೋದ. ಆ ಗೇಟು ದಾಟಿ ಗಾಡಿ ಓಡಿಸುವುದು ನನ್ನ ಕೈಲಿ ಆಗುವುದಿಲ್ಲ ಎಂದ.

ಸ್ವಾಮಿಯವರಿಗೆ ಸಿಟ್ಟು ನೆತ್ತಿಗೇರಿತು. ಟಿಕೆಟ್ ಮಾಡಿಸಿ ಆಗಿದೆ, ಈಗ ಹೇಳ್ತೀಯಲ್ಲ ಎಂದರು. ಆ ದ್ವೀಪದ ಜನ ಆಸ್ಪತ್ರೆಗೂ ಆಫೀಸಿಗೂ ಅದೇ ದಾರಿಯಲ್ಲಿ ಓಡಾಡುವುದಿಲ್ಲವೆ ಎಂದರು. ಅವರಿಗೆ ಬೇರೆ ದಾರಿಯಿಲ್ಲ, ನಾವು ಹೋಗುತ್ತಿರುವುದು ನೋಡಕ್ಕೆ ಎಂದ ಇವನು.

"ರಸ್ತೆ ಸರ್ಕಾರದ್ದು ಕಣಯ್ಯಾ. ನಾವೇನು ಕದ್ದು ಹೋಗ್ತೀವಾ?"

ಆಗ ಚಿಕ್ಕಮಾದ ಯಾರಿಗೂ ಹೇಳದ ಮಾತು ಹೇಳಿದ. ಹೋದ ವರ್ಷ ಅವನ ಹೆಂಡತಿ ಮಹದೇವಿ ರಸ್ತೆ ಬದಿ ಮಾರಲು ನೆಲ್ಲಿಕಾಯಿ ಆರಿಸುತ್ತ ಕೂತಿದ್ದಾಗ ಒಂದು ಕಾರು ನಿಂತಿತಂತೆ. ಗಾಜು ಇಳಿಸಿದರು, ಅವಳ ಫೋಟೊ ತೆಗೆದರು, ಗಾಜು ಏರಿಸಿದರು, ಹೋದರು. ನೆಲ್ಲಿಕಾಯಿಗೆ ಎಷ್ಟು ಅಂತಲೂ ಕೇಳಲಿಲ್ಲ. ಅವತ್ತು ಮನೆಗೆ ಬಂದವಳು ಊಟ ಮಾಡಲಿಲ್ಲ. ಆಮೇಲೆ ಆ ಜಾಗದಲ್ಲಿ ಕೂರುವುದನ್ನೇ ಬಿಟ್ಟಳು.

"ಅವ್ರೂ ಸರ್ಕಾರದ್ ರಸ್ತೇಲೇ ನಿಂತಿದ್ದು ಸಾ," ಎಂದ.

ಸ್ವಾಮಿಯವರು ತೂಗುತ್ತಿದ್ದ ಮೊಳೆಗಳನ್ನು ತಕ್ಕಡಿಯಲ್ಲೇ ಬಿಟ್ಟು ಕುರ್ಚಿಗೆ ಕೂತರು. ನಾಚಿಕೊಂಡೇ ಹೇಳಿದರು: "ನಾನೂ ಮೊದಲ್ನೇ ಸಲ ಬೆಟ್ಟಕ್ಕೆ ಬಂದಾಗ ನಿಮ್ಮನ್ನ ನೋಡಕ್ಕೇ ಕಣಯ್ಯಾ ಬಂದಿದ್ದು. ಸೋಲಿಗ್ರು ಹೆಂಗಿರ್ತಾರೆ ಅಂತ."

"ಗೊತ್ತು ಸಾ. ಆದ್ರೆ ನೀವು ಗಾಡಿಯಿಂದ ಇಳುದ್ರಿ. ನಮ್ಮವ್ವ ಯಾವೂರಪ್ಪ ಅಂತ ಕೇಳುದ್ಲು, ನೀವು ಕೂತ್ಕಂಡು ಮಾತಾಡುದ್ರಿ. ಅಲ್ಲಿ ಇಳಿಯಂಗಿಲ್ವಲ್ಲ."

ಸ್ವಾಮಿಯವರು ಮಗಳಿಗೆ ಫೋನು ಹಚ್ಚಿದರು. ಪೋರ್ಟ್ ಬ್ಲೇರ್‌ನಿಂದ ಡಿಗ್ಲಿಪುರಕ್ಕೆ ಹಡಗು ಇದೆ, ಆ ಕಾಡಿನೊಳಗೆ ಹೋಗದೆ ನೀರಿನ ಮೇಲೇ ತುದಿ ಸೇರಬಹುದು, ಅಲ್ಲಿಂದ ಕಡಲ ದಂಡೆ ಹಿಡಿದು ರಂಗತ್‌ವರೆಗೆ ಬಂದು ಮತ್ತೆ ಹಡಗು ಹತ್ತಬಹುದು ಎಂದಳು. ಆದರೆ ಆ ಹಡಗಿಗೆ ಗಾಡಿ ಏರಿಸುವುದಿಲ್ಲ, ಅವಳ ಕಾರನ್ನು ಪೋರ್ಟ್ ಬ್ಲೇರ್‌ನಲ್ಲೇ ಬಿಡಬೇಕು. ಡಿಗ್ಲಿಪುರದಲ್ಲಿ ಬಾಡಿಗೆ ಕಾರು ಸಿಗುತ್ತದೆ, ಡ್ರೈವರ್ ಸಮೇತ. ಸ್ಟೇರಿಂಗ್ ಬೇರೆಯವರ ಕೈಗೆ ಕೊಡುವುದಿಲ್ಲ.

ಇದನ್ನು ಚಿಕ್ಕಮಾದ ಯೋಚಿಸಿಯೇ ಇರಲಿಲ್ಲ. ಸ್ವಾಮಿಯವರು ಅವನ ಮುಖವನ್ನೇ ನೋಡುತ್ತ, ಯೋಚನೆ ಮಾಡು, ಅವಸರವಿಲ್ಲ ಎಂದರು. ಅವನು ಯೋಚಿಸಿದ. ಆಮೇಲೆ, ಹಡಗಿಗೇ ಟಿಕೆಟ್ ಮಾಡಿಸಿ ಎಂದು ಹೇಳಿ ಎದ್ದ.

ಮನೆ ಮುಟ್ಟುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಗಂಡನ ಮುಖ ಕಂಡ ಮಹದೇವಿ, ಪ್ರವಾಸ ನಿಂತುಹೋಯಿತೇನೋ ಎಂದುಕೊಂಡು ಕೇಳಿದಳು. ನಿಂತಿಲ್ಲ, ಹೋಗುತ್ತೇನೆ, ಆದರೆ ಓಡಿಸುವುದು ಬೇರೆಯವನು, ನಾನು ಪಕ್ಕದಲ್ಲಿ ಕೂರುವವನು ಎಂದ. ನಡೆದದ್ದೆಲ್ಲ ಹೇಳಿದ.

"ಅಷ್ಟ್ ಆಸೆ ಮಡಿಕಂಡಿದ್ದೆ. ಬ್ಯಾಸ್ರ ಇಲ್ವಾ ನಿಂಗೆ?"

"ಅದೆ ಕಣ. ಬೋ ಬ್ಯಾಸ್ರ ಅದೆ," ಎಂದ ಚಿಕ್ಕಮಾದ. "ಆದ್ರೆ ಆ ಕಾಡ್ನೋರು ನಮ್ಮನ್ನ ಬನ್ನಿ ಅಂತ ಕರೀನಿಲ್ವಲ್ಲ."