ಅಂಬಿಗನ ತಿಥಿ

ನಮ್ಮ ಆಟದ ನಿಯಮಗಳಲ್ಲಿ ಯಾವ ಪುಸ್ತಕದಲ್ಲೂ ಇಲ್ಲದ್ದೆಂದರೆ ಬಸ್ಸಿನ ನಿಯಮ. ಯಾರ ಬಸ್ಸು ಮೊದಲು ಹೊರಡುತ್ತದೋ ಅವರು ಚೀಲ ಹೆಗಲಿಗೆ ಹಾಕಿದ ಕ್ಷಣಕ್ಕೆ ಆಟ ನಿಲ್ಲಬೇಕು. ದಾಳ ಕೈಯಲ್ಲಿದ್ದರೆ ಕೆಳಗಿಡಬೇಕು. ಈ ನಿಯಮ ಮಾಡಿದವಳು ನಾನೇ. ಒಬ್ಬರು ಎದ್ದು ಹೋದ ಮೇಲೆ ಉಳಿದವರು ಆಡಿಕೊಂಡು, ಮುಂದಿನ ವಾರ ಅದಕ್ಕೊಂದು ರಂಪವಾಗುವುದು ಬೇಡವೆಂದು ಮಾಡಿದ್ದೆ. ಆ ಭಾನುವಾರ ಅದೇ ನಿಯಮದಿಂದಾಗಿ ಅಂಬಿಗ ಒಂದು ವಾರ ನೀರಿನಲ್ಲೇ ಉಳಿಯಬೇಕಾಯಿತು.

ಗೊತ್ತಿಲ್ಲದವರಿಗೆ ಆಟ ಏನೆಂದು ಹೇಳಿಬಿಡುತ್ತೇನೆ. ಮೇಜಿನ ಸುತ್ತ ಕೂತು ಆಡುವ ಪಾತ್ರದ ಆಟ ಇದು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ತಲೆಗೊಂದು ಪಾತ್ರ ವಹಿಸುತ್ತಾರೆ. ಬಣ್ಣವಿಲ್ಲ, ಪರದೆಯಿಲ್ಲ, ಎಲ್ಲವೂ ಬಾಯಿಮಾತು. ಕಥೆ ನಡೆಸುವವರು ನಿಮ್ಮನ್ನು ಇಕ್ಕಟ್ಟಿಗೆ ತಂದು ನಿಲ್ಲಿಸಿ "ಈಗ ಏನ್ ಮಾಡ್ತೀಯ?" ಎಂದು ಕೇಳುತ್ತಾರೆ. ನೀವು ಹೇಳಿದ್ದು ಆಗುತ್ತದೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ, ಅಂಕಿ ದೊಡ್ಡದಾದಷ್ಟೂ ಒಳ್ಳೆಯದು. ನಾವು ಅದನ್ನು ಹಿತ್ತಾಳೆ ತಟ್ಟೆಯಲ್ಲಿ, ಎಲ್ಲರ ಕಣ್ಣೆದುರಿಗೆ ಹಾಕುತ್ತೇವೆ.

ನಾವು ನಾಲ್ಕು ಜನ. ಜಾಗ ನನ್ನದು, ಹಾಸನದಲ್ಲಿ ನಮ್ಮ ಪೈಪು, ಪಂಪ್‌ಸೆಟ್ಟಿನ ಅಂಗಡಿಯ ಮಹಡಿ ಮೇಲಿನ ಗೋಡೌನು. ಕಥೆ ನಡೆಸುವವರು ಚನ್ನರಾಯಪಟ್ಟಣದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವರು, ತಾಮ್ರದ ತಂತಿಗೆಂದು ನಮ್ಮಲ್ಲಿಗೆ ಬರುತ್ತಿದ್ದವರು. ಊರಿನ ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ಹಿಡಿದು ಪಾತ್ರ ಕಲಿಸುವವರನ್ನು ನಾವು ಮೇಷ್ಟ್ರು ಅನ್ನುತ್ತೇವಲ್ಲ, ಹಾಗೆ ಇವರೂ ನಮಗೆ ಮೇಷ್ಟ್ರಾದರು. ಹೊಳೆನರಸೀಪುರದಿಂದ ಬರುವವನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಯುವಕ, ನಮ್ಮೆಲ್ಲರಿಗಿಂತ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. ನಾಲ್ಕನೆಯವಳು ಅರಕಲಗೂಡಿನ ನನ್ನ ಗೆಳತಿ. ನಾವಿಬ್ಬರೂ ಕಾಲೇಜಿನಲ್ಲಿ ಒಂದೇ ಬೆಂಚು. ಈಗ ಅವಳು ಅಕ್ಕಿ ಗಿರಣಿಯವರ ದೊಡ್ಡ ಸಂಸಾರದ ಹಿರಿಸೊಸೆ. "ಈ ವಯಸ್ನಲ್ಲಿ ಪಗಡೆ ಆಡಕ್ ಓಯ್ತಾಳೆ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರಂತೆ. ಆದರೂ ಭಾನುವಾರದ ಬಸ್ಸನ್ನು ಅವಳು ಬಿಟ್ಟವಳಲ್ಲ.

ಅಂಬಿಗ ಅವಳ ಪಾತ್ರ. ನಾವು ಆಡಲು ಶುರು ಮಾಡಿದಂದಿನಿಂದ ಸಾಯದೆ ಉಳಿದದ್ದು ಅದೊಂದೇ. ನನ್ನ ಪಾತ್ರಗಳು ನೊಣಗಳ ಹಾಗೆ ಉದುರಿವೆ. ಮನೆಯಲ್ಲಿ ಸಾರಿಗೆ ಉಪ್ಪು ಸಾಲದೆಂದು ಹೇಳಲೂ ಹಿಂಜರಿಯುವ ಇವಳು, ಅಂಬಿಗನಾದಾಗ ಪಾಳೇಗಾರನ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದಳು. ನೋಡಿ ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು.

ಪಾತ್ರ ಸತ್ತರೆ ನಮ್ಮಲ್ಲಿ ತಿಥಿ ಮಾಡುತ್ತೇವೆ. ಸತ್ತ ಪಾತ್ರದವರು ಮುಂದಿನ ಭಾನುವಾರ ಉದ್ದಿನವಡೆ ಮಾಡಿ ತರಬೇಕು. ತಿಂದು ಕೈ ತೊಳೆದ ಮೇಲೆಯೇ ಹೊಸ ಪಾತ್ರ. ನಾನು ಮಾಡಿದ ವಡೆ ತಿಂದು ತಿಂದು ಎಲ್ಲರಿಗೂ ಸಾಕಾಗಿತ್ತು. ಅವಳ ಕೈ ವಡೆ ಮಾತ್ರ ನಾವ್ಯಾರೂ ತಿಂದಿರಲಿಲ್ಲ.

ಜಗಳದ ಬೀಜ ಆಟದ ನಿಯಮ ಪುಸ್ತಕದ ಹೊಸ ಎಡಿಷನ್. ಮೇಷ್ಟ್ರ ಹತ್ತಿರ ಇದ್ದದ್ದು ಡಿಪ್ಲೊಮಾ ಓದುವ ಕಾಲದಲ್ಲಿ ಮೈಸೂರಿನಲ್ಲಿ ಯಾರದೋ ಪುಸ್ತಕವನ್ನು ಜೆರಾಕ್ಸ್ ಮಾಡಿಸಿ ಸ್ಪೈರಲ್ ಹಾಕಿಸಿದ್ದು. ಅದರಲ್ಲಿ ಪಾತ್ರ ಹುಟ್ಟುವಾಗಲೇ ಬಡವ. ಒಂದು ಹಗ್ಗ, ಒಂದು ಕತ್ತಿ, ಎರಡೇಟು ಬಿದ್ದರೆ ಹೆಣ. ಹೊಳೆನರಸೀಪುರದವನು ತರಿಸಿದ ಹೊಸ ಪುಸ್ತಕ ಮದುವೆ ಆಲ್ಬಮ್ಮಿನ ಹಾಗೆ ಮಿಂಚುತ್ತಿತ್ತು. ಅದರಲ್ಲಿ ಹುಟ್ಟುವವರೆಲ್ಲ ಅರ್ಧ ವೀರರು. ಜೀವದ ಅಂಕ ಸೊನ್ನೆಗಿಳಿದರೂ ಸಾವಿಲ್ಲ. ಪ್ರಜ್ಞೆ ತಪ್ಪಿ ಬೀಳುತ್ತಾರೆ, ಮತ್ತೆ ಮತ್ತೆ ದಾಳ ಹಾಕಿ ಏಳಬಹುದು. ಇವನ ವಯಸ್ಸಿನವರಿಗೆ ಪಾತ್ರದ ಬಾಲ್ಯ, ಅದರ ಹಳೇ ನೋವು, ಅದರ ಕನಸು ಎಲ್ಲ ಬೇಕು. ಅಷ್ಟೆಲ್ಲ ಹೆಣೆದ ಮೇಲೆ ಒಂದು ಕೆಟ್ಟ ದಾಳಕ್ಕೆ ಸಾಯುವುದೆಂದರೆ ಹೇಗೆ? ಮೇಷ್ಟ್ರ ರುಚಿ ಬೇರೆ. ಸಾವಿನ ಭಯ ಇಲ್ಲದ ಆಟ ಅವರಿಗೆ ಉಪ್ಪಿಲ್ಲದ ಗಂಜಿ. ಇಬ್ಬರನ್ನೂ ಕಳೆದುಕೊಳ್ಳಬಾರದೆಂದು ಎರಡೂ ಪುಸ್ತಕ ಬೆರೆಸಿ ಆಡುತ್ತಿದ್ದೆವು. ಈಜಿಗೆ ಹೊಸದು, ಏಟಿಗೆ ಹಳೆಯದು. ಸಾವಿಗೆ ಯಾವುದೆಂದು ಮಾತ್ರ ಯಾರೂ ಕೇಳಿಕೊಂಡಿರಲಿಲ್ಲ. ಬೆರಕೆ ಆಟದಲ್ಲಿ ಅಷ್ಟು ಮುಖ್ಯವಾದದ್ದನ್ನೇ ಮರೆತಿದ್ದೆವು.

ಆ ಭಾನುವಾರ ಕಥೆಯಲ್ಲಿ ನಾವು ಮೂವರೂ ಒಂದೇ ಹರಿಗೋಲಿನಲ್ಲಿ ಅಣೆಕಟ್ಟಿನ ಹಿನ್ನೀರು ದಾಟುತ್ತಿದ್ದೆವು. ಮೇಷ್ಟ್ರು ಗೊರೂರು ಅಣೆಕಟ್ಟನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದರೆಂದು ಕಾಣುತ್ತದೆ, ನೀರಿನ ಮೊರೆತ ಕಿವಿಗೆ ಕೇಳುವ ಹಾಗಿತ್ತು. ದಡದಿಂದ ಬಾಣ ಬಂತು. ಅಂಬಿಗ ನೀರಿಗೆ ಬಿದ್ದ, ಜೀವ ಸೊನ್ನೆ. ಅವನ ಸೊಂಟದ ಹಗ್ಗದ ಇನ್ನೊಂದು ತುದಿ ಹರಿಗೋಲಿಗೆ ಕಟ್ಟಿತ್ತು. ಸೆಳೆತ ಅವನನ್ನೂ, ಅವನ ಹಿಂದೆ ನಮ್ಮನ್ನೂ ತೂಬಿನ ಕಡೆಗೆ ಎಳೆಯುತ್ತಿತ್ತು.

"ಸೊನ್ನೆ ಅಂದ್ಮೇಲೆ ಮುಗೀತು. ಸತ್ತೋದ," ಎಂದರು ಮೇಷ್ಟ್ರು.

"ಸರ್, ಸತ್ತಿಲ್ಲ, ಪ್ರಜ್ಞೆ ತಪ್ಪಿದೆ," ಎಂದ ಹೊಳೆನರಸೀಪುರದವನು. ಹಾಗೆ ಅಂದವನೇ ಗಡಿಯಾರ ನೋಡಿ, ಚೀಲ ಹೆಗಲಿಗೇರಿಸಿದ. ಬಸ್ಸಿನ ನಿಯಮ. ಆಟ ನಿಂತಿತು.

ಜಗಳ ನಿಲ್ಲಲಿಲ್ಲ. ಸೋಮವಾರ ಬೆಳಗ್ಗೆ ನಾನು ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ರಣರಂಗ. ಅವನು ಹೊಸ ಪುಸ್ತಕದ ಪುಟಗಳನ್ನು ಫೋಟೋ ಹೊಡೆದು ಹಾಕಿದ. ಮೇಷ್ಟ್ರಿಗೆ ಟೈಪು ಮಾಡುವ ತಾಳ್ಮೆಯಿಲ್ಲ, ವೈಂಡಿಂಗ್ ಯಂತ್ರದ ಸದ್ದಿನ ನಡುವೆಯೇ ಕೂಗಿ ಧ್ವನಿ ಕಳಿಸಿದರು: "ಯಾರ್ನೂ ಸಾಯಕ್ ಬಿಡ್ದೇ ಇದ್ರೆ ಅದೆಂಥ ಆಟನ್ಲಾ? ಅಂಗನ್ವಾಡಿ ನಡುಸ್ತಿದೀನಾ ನಾನು?" ಇವನು ಬಿಡುತ್ತಾನೆಯೇ? ಕಾಲ ಬದಲಾಗಿದೆ, ನಿಮ್ಮ ಪುಸ್ತಕದ ಕಂಪನಿಯವರೇ ಅದನ್ನು ಕೈಬಿಟ್ಟಿದ್ದಾರೆ ಎಂದು ಬರೆದ. ಬುಧವಾರದ ಹೊತ್ತಿಗೆ ಅವನೂ ಮೇಷ್ಟ್ರಿಗೆ ಬಹುವಚನ ಬಿಟ್ಟಿದ್ದ. ಅಂಬಿಗ ಬದುಕಿದರೆ ಇನ್ನು ಈ ಮೇಜಿಗೆ ಬರುವುದಿಲ್ಲವೆಂದು ಮೇಷ್ಟ್ರು, ಸತ್ತರೆ ಹೊಳೆನರಸೀಪುರದಲ್ಲೇ ಬೇರೆ ಮೇಜು ಹಾಕುತ್ತೇನೆಂದು ಅವನು.

ನನಗೆ ಚಿಂತೆಯಾದದ್ದು ಅದಕ್ಕಲ್ಲ. ಆ ಇಬ್ಬರಲ್ಲಿ ಯಾರು ಹೋದರೂ ಇನ್ನೊಬ್ಬರನ್ನು ಹುಡುಕಬಹುದು. ಅಂಬಿಗ ಹೋದರೆ ಗೆಳತಿ ಬರುವುದನ್ನೇ ಬಿಟ್ಟಾಳು ಎನ್ನುವುದು ನನ್ನ ಭಯ. ಬೇರೆ ಪಾತ್ರ ಮಾಡೆಂದರೆ ಅವಳು ಯಾವಾಗಲೂ ನಕ್ಕು ತಲೆಯಾಡಿಸುತ್ತಿದ್ದಳು. ಗುಂಪಿನಲ್ಲಿ ಅವಳ ಕಡೆಯಿಂದ ಒಂದಕ್ಷರವಿಲ್ಲ. ಎಲ್ಲವನ್ನೂ ಓದುತ್ತಿದ್ದಾಳೆಂದು ಮಾತ್ರ ಗೊತ್ತಾಗುತ್ತಿತ್ತು. ನನ್ನ ರುಚಿಯೇನೋ ಹಳೇ ಪುಸ್ತಕದ್ದೇ. ಆದರೆ ರುಚಿ ಕಟ್ಟಿಕೊಂಡು ಏನು ಮಾಡಲಿ? ಇದ್ದೊಬ್ಬ ಗೆಳತಿ ಕೈತಪ್ಪುವ ಹಾಗಿರುವಾಗ ನಾನು ಯಾವ ಪುಸ್ತಕಕ್ಕೆ ಬೇಕಾದರೂ ಕೈ ಮುಗಿಯುವವಳು. ಇಬ್ಬರ ಜಗಳದಲ್ಲಿ ಮೂರನೇ ವೋಟು ನನ್ನದಾದ್ದರಿಂದ ಶುಕ್ರವಾರ ಅವಳಿಗೆ ಫೋನು ಹಚ್ಚಿದೆ.

"ಯೋಚ್ನೆ ಮಾಡ್ಬೇಡ ಕಣೆ. ನನ್ ವೋಟು ಬದುಕ್ಸೋದಕ್ಕೇ."

"ಹೂಂ," ಎಂದಳು. ಹಿಂದೆಯೇ "ಹಾಲಿಟ್ಟಿದೀನಿ, ಉಕ್ತಿದೆ," ಎಂದು ಇಟ್ಟುಬಿಟ್ಟಳು. ನಾನು ಇಷ್ಟು ಮಾಡುತ್ತಿದ್ದೇನೆ, ಒಂದು ಒಳ್ಳೆ ಮಾತಾದರೂ ಆಡಬಾರದೇ ಎಂದು ನನಗೆ ಸಿಟ್ಟು ಬಂತು.

ಭಾನುವಾರ ಆ ಇಬ್ಬರೂ ಮೊದಲೇ ಬಂದು ಎದುರುಬದುರು ಕೂತಿದ್ದರು. ತಮ್ಮ ತಮ್ಮ ಪುಸ್ತಕ ತಮ್ಮ ತಮ್ಮ ಮುಂದೆ. ಕೆಳಗೆ ಯಾರೋ ಪೈಪು ಇಳಿಸುವ ಸದ್ದಿಗೆ ತಟ್ಟೆಯೊಳಗಿನ ದಾಳ ಅಲುಗುತ್ತಿತ್ತು. ನಾನು ಕಾಫಿ ಕೊಟ್ಟರೆ ಯಾರೂ ಮುಟ್ಟಲಿಲ್ಲ. ಅರಕಲಗೂಡಿನ ಬಸ್ಸು ತಡವಾಗಿತ್ತು, ಬರುವುದೇ ಇಲ್ಲವೇನೋ ಎಂದು ನಾನು ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದೆ.

ಬಂದಳು. ಕೈಯಲ್ಲಿ ಸ್ಟೀಲ್ ಕ್ಯಾರಿಯರ್. ಮೇಜಿನ ಮೇಲಿಟ್ಟಾಗಲೇ ಕರಿಬೇವು, ಮೆಣಸು ಹಾಕಿದ ವಡೆಯ ವಾಸನೆ ಹರಡಿತು. ತಿಥಿಯ ವಡೆಯೆಂದು ಮೂವರಿಗೂ ಗೊತ್ತಾಯಿತು.

"ಇನ್ನೂ ತೀರ್ಮಾನಾನೇ ಆಗಿಲ್ವಲ್ಲೇ!" ಎಂದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು.

"ಆಗಿದೆ," ಎಂದಳು. "ನಿನ್ನೆನೇ ಬೇಳೆ ನೆನೆಹಾಕ್ದೆ. ಯಾರ ತಿಥಿನೇ ಅಂತ ಅತ್ತೆ ಕೇಳಿದ್ರು. ಅಂಬಿಗನ್ದು ಅಂದೆ." ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು. "ಒಂದ್ ವಾರದಿಂದ ಅವ್ನನ್ನ ಸಾಯ್ಸೋದಾ ಬದುಕ್ಸೋದಾ ಅಂತ ಮೂರೂ ಜನ ಕಿತ್ತಾಡಿದ್ರಿ. ಅಂಬಿಗ ಏನ್ ಮಾಡ್ತಾನೆ ಅಂತ ಒಬ್ರಾದ್ರೂ ನನ್ನ ಕೇಳಿದ್ರಾ?"

ಶುಕ್ರವಾರದ ಆ "ಹೂಂ" ನನ್ನ ಕಿವಿಯಲ್ಲಿ ಮತ್ತೆ ಕೇಳಿತು. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

"ಅಂಬಿಗ ಸೊಂಟದ ಹಗ್ಗ ಕೊಯ್ತಾನೆ," ಎಂದಳು. "ನೀವು ದಡ ಸೇರ್ಕೊಳ್ಳಿ."

ಆಗ ನಡೆದದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ವಾರವೆಲ್ಲ ಹಾವು ಮುಂಗುಸಿಯಂತಿದ್ದ ಆ ಇಬ್ಬರೂ ಅವಳ ವಿರುದ್ಧ ಒಂದಾದರು.

"ಆಗಲ್ಲಕ್ಕ, ಪ್ರಜ್ಞೆ ಇಲ್ದೋನು ಏನೂ ಮಾಡೋ ಹಾಗಿಲ್ಲ. ನಿಯಮ ಇದೆ," ಎಂದು ಅವನು ಪುಟ ತಿರುಗಿಸಿದ.

"ಸತ್ತೋನು ಅಗ್ಗ ಎಂಗವ್ವ ಕುಯ್ತಾನೆ? ಅವ್ನೇಳಾದು ದಿಟ," ಎಂದರು ಮೇಷ್ಟ್ರು.

"ಎರಡ್ರಲ್ಲೂ ಇಲ್ಲ ಅಂತ ನಂಗೂ ಗೊತ್ತು. ಓದಿದೀನಿ," ಎಂದಳು ಅವಳು. ದನಿ ಅಂಬಿಗನದೇ. "ಆದ್ರೂ ಕೊಯ್ತಾನೆ."

ನನಗೆ ತಡೆಯಲಾಗಲಿಲ್ಲ. ಎದ್ದು ಎರಡೂ ಪುಸ್ತಕ ಕಿತ್ತುಕೊಂಡೆ. ಸ್ಪೈರಲ್‌ನ ತಂತಿ ಅಂಗೈಗೆ ಗೀರಿತು. ಎರಡನ್ನೂ ಕುರ್ಚಿಯ ಮೇಲೆ ಹಾಕಿ, ಅದರ ಮೇಲೆ ಕೂತುಬಿಟ್ಟೆ. "ಮೇಷ್ಟ್ರೇ, ಈಗ ಕೇಳಿ. ಯಾವಾಗ್ಲೂ ಕೇಳೋ ಹಾಗೆ ಕೇಳಿ."

ಹೊಳೆನರಸೀಪುರದವನು ಕಿವಿಯವರೆಗೂ ಕೆಂಪಾದ, ಆದರೆ ಏಳಲಿಲ್ಲ. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನೀರು ಎಳೀತಾದೆ. ತೂಬು ಅತ್ರ ಬಂದದೆ. ಏನ್ ಮಾಡ್ತೀಯವ್ವ?"

"ಹಗ್ಗ ಕೊಯ್ತೀನಿ."

"ದಾಳ ಆಕು. ಕೊಯ್ಯಕ್ ಆಗ್ಲಿಲ್ಲ ಅಂದ್ರೆ ಎರಡ್ ಮಾತಿಲ್ಲ, ಮೂರೂ ಪಾತ್ರ ತೂಬಿಗೋಯ್ತವೆ. ಗೊತ್ತಾಯ್ತಾ?"

"ಗೊತ್ತು."

ದಾಳವನ್ನು ಅಂಗೈಯಲ್ಲಿ ಕುಲುಕಿ ತಟ್ಟೆಗೆ ಬಿಟ್ಟಳು. ಅದು ತಟ್ಟೆಯ ಅಂಚಿಗೆ ಬಡಿದು, ಸುತ್ತು ಹಾಕಿ, ನಿಲ್ಲುವುದೋ ಇಲ್ಲವೋ ಎನ್ನುವಂತೆ ತಿರುಗಿತು. ನಿಂತಾಗ ಮೇಲಿದ್ದದ್ದು ಹತ್ತೊಂಬತ್ತು.

ಹಗ್ಗ ತುಂಡಾಯಿತು, ಹರಿಗೋಲು ದಡದ ಕಡೆ ತಿರುಗಿತು, ಎಂದು ಮೇಷ್ಟ್ರು ಹೇಳಿದರು. ಆಮೇಲೆ ಅಂಬಿಗ ಸತ್ತನೆಂದು ಹೇಳಬೇಕಿತ್ತು. ವಾರವೆಲ್ಲ ಸತ್ತ ಸತ್ತ ಎಂದು ಕೂಗಿದ ಮನುಷ್ಯ ಅದೊಂದು ಮಾತು ಬಾರದೆ ಕನ್ನಡಕ ತೆಗೆದು ಒರೆಸತೊಡಗಿದರು. "ಏನ್ಲಾ, ನಿನ್ ಪುಸ್ತಕದಲ್ಲಿ ಇನ್ನೊಂದ್ಸಲ ದಾಳ ಆಕ್ಬೋದು ಅಂದೆ, ಅಲ್ವಾ?" ಎಂದು ಆ ಕಡೆ ನೋಡದೆಯೇ ಕೇಳಿದರು.

ಅವನು ಕಣ್ಣರಳಿಸಿ ನನ್ನ ಕುರ್ಚಿಯ ಕಡೆ ನೋಡಿದ. ನಾನು ಏಳಲು ಹೊರಟೆ.

"ಕೂತ್ಕೋ," ಎಂದಳು ಗೆಳತಿ. "ಬೇಡ ಮೇಷ್ಟ್ರೇ. ಹೋದ." ಕ್ಯಾರಿಯರ್ ಬಿಚ್ಚಿ ಎಲ್ಲರ ಮುಂದೆ ವಡೆ ಇಟ್ಟಳು. ಗರಿಗರಿ ಹೋಗಿ ಮೆತ್ತಗಾಗಿತ್ತು. ತಿಂದೆವು. ಯಾವ ಎಡಿಷನ್ನಿನ ಮಾತೂ ಬರಲಿಲ್ಲ.

ಅವಳನ್ನು ಬಸ್ಸು ಹತ್ತಿಸಲು ನಾನೇ ಹೋದೆ. ಕೊಣನೂರಿನ ಬಸ್ಸು ಆಗಲೇ ತುಂಬುತ್ತಿತ್ತು, ಅರಕಲಗೂಡಿಗೂ ಅದೇ. ದಾರಿಯುದ್ದಕ್ಕೂ ನುಂಗಿಕೊಂಡಿದ್ದ ಮಾತು ಬಾಗಿಲ ಬಳಿ ಬಂತು. "ಅಂಬಿಗ ಇಲ್ದೆ ನೀನು ಬರ್ತೀಯಾ?"

"ಅಂಬಿಗನಿಗೋಸ್ಕರ ಬರ್ತಿದ್ದೆ ಅಂದ್ಕೊಂಡ್ಯಾ?" ಎಂದಳು. "ನಮ್ಮನೇಲಿ ಎಲ್ರೂ ನಂಗೆ ಇದ್ ಮಾಡು ಅದ್ ಮಾಡು ಅಂತಾರೆ ಕಣೆ. ಏನ್ ಮಾಡ್ತೀಯ ಅಂತ ಕೇಳ್ತಿದ್ದಿದ್ದು ನಿಮ್ಮ ಆ ಗೋಡೌನ್ನಲ್ಲಿ ಮಾತ್ರ. ಈ ವಾರ ಅಲ್ಲೂ ಕೇಳ್ಲಿಲ್ಲ." ಮೆಟ್ಟಿಲು ಹತ್ತಿ ತಿರುಗಿದಳು. "ಬರ್ತೀನೋ ಇಲ್ವೋ ಅಂತ ಮತ್ತೆ ಮೂರೂ ಜನ ವೋಟ್ ಹಾಕ್ಬೇಡಿ."

ಹಾಕಲಿಲ್ಲ. ಆ ವಾರ ಗುಂಪಿನಲ್ಲಿ ಒಬ್ಬರೂ ಒಂದಕ್ಷರ ಬರೆಯಲಿಲ್ಲ. ನಾನು ಫೋನು ಕೈಗೆತ್ತಿಕೊಳ್ಳುವುದು, ಇಡುವುದು. ಅಂಗಡಿಗೆ ಬಂದವರು ಒಂದಿಂಚಿನ ಪೈಪು ಕೇಳಿದರೆ ಎರಡಿಂಚಿನದು ಕೊಟ್ಟು ಬೈಸಿಕೊಂಡೆ.

ಭಾನುವಾರ ಬಸ್ಸು ಬರುವ ಹೊತ್ತು ಮೀರಿತು. ಮೇಷ್ಟ್ರು ತಟ್ಟೆ ಒರೆಸುತ್ತಿದ್ದರು, ಹೊಳೆನರಸೀಪುರದವನು ಉಗುರು ಕಡಿಯುತ್ತಿದ್ದ. ಎರಡೂ ಪುಸ್ತಕ ಕಪಾಟಿನಲ್ಲಿದ್ದವು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಅವಳು ಒಳಗೆ ಬಂದು, ಬರಿಗೈಯಲ್ಲಿ ತನ್ನ ಜಾಗದಲ್ಲಿ ಕೂತಳು. ಯಾವ ಪಾತ್ರವೆಂದು ಹೇಳಲಿಲ್ಲ, ನಾವು ಕೇಳಲೂ ಇಲ್ಲ.

ಮೇಷ್ಟ್ರು ದಾಳವನ್ನು ಅವಳ ಕಡೆಗೆ ಸರಿಸಿದರು. "ಬೆಳಗಾಗದೆ. ದಡದಲ್ಲಿ ಒಬ್ಬಳೇ ನಿಂತಿದೀಯ. ಏನ್ ಮಾಡ್ತೀಯವ್ವ?"

ಅವಳು ಬಹಳ ಹೊತ್ತು ಯೋಚಿಸಿದಳು. ಹೊಳೆನರಸೀಪುರದವನು ಏನೋ ಹೇಳಲು ಬಾಯಿ ತೆರೆದ, ನಾನು ಮೇಜಿನ ಕೆಳಗೆ ಅವನ ಕಾಲು ತುಳಿದೆ. ಮೂವರೂ ಬಾಯಿ ಮುಚ್ಚಿಕೊಂಡು ಕಾದೆವು.